ಮುಂದಿನ ಗುರುವಾರ ಸಿಜರಿನ್ ಐತಿ, ಅವತ್ತ ಎದಿ ಹಾಲು ಕುಡಿಸಾಕ ಆಗ್ತೈತೇನ್ರಿ?

ಕೊಪ್ಪಳದಾಕಿ:
ಎಲ್ಲಾರಿಗೂ ನಮಸ್ಕಾರ್ರೀ. ನನಗ 38ನೇ ವಾರ ನಡದೈತಿ, ಚೊಚ್ಚಲ ಹೆರಿಗಿ. ಕೂಸು ತಲಿ ಮ್ಯಾಲ ಮಾಡಿ ಕುಂತಿದ್ದು ತಿರುಗ್ಲೇ ಇಲ್ಲ, ಅದಕ್ಕ ಡಾಕ್ಟ್ರು ಗುರುವಾರ ಡೇಟ್ ಕೊಟ್ಟಾರ. ಆಪ್ರೇಷನ್ ಅಂಜಿಕಿ ಒಂದ್ ಕಡೆ ಇರ್ಲಿ, ತಲಿ ತಿನ್ನಾಕತ್ತಿದ್ದು ಹಾಲಿನ ಚಿಂತಿ. ನಮ್ಮ ಅತ್ತಿ ಈಗಿಂದನ ಶುರು ಮಾಡ್ಯಾರ, ಹೊಟ್ಟಿ ಕೊಯ್ದವ್ರಿಗೆ ಮೂರು ದಿನ ಹಾಲು ಇಳಿಯಂಗಿಲ್ಲ, ಪೌಡರ್ ಡಬ್ಬಿ ತಂದಿಟ್ಕೋರಿ ಅಂತ. ನಾಲಿಗಿಗೆ ನೆಕ್ಕಸಾಕ ಜೇನುತುಪ್ಪದ ಬಾಟ್ಲಿನೂ ಬ್ಯಾಗಿನಾಗ ಸೇರೈತಿ. ನಮ್ಮ ಅಕ್ಕಗ ಸಿಜರಿನ್ ಆದಾಗ ಒಂದಿನ ಪೂರ್ತಿ ಕೂಸಿನ್ನ ಎದಿಗೆ ಹಾಕ್ಲೇ ಇಲ್ಲ, ಸಕ್ರಿ ನೀರು, ಆಮ್ಯಾಲ ಬಾಟ್ಲಿ, ಅದು ಬಾಟ್ಲಿಗೆ ರೂಢಿ ಆಗಿ ಎದಿ ಹಿಡಿಯಾಕ ಅತ್ತು ಕರದು ರಂಪ ಮಾಡ್ತಿತ್ತು, ಒಂದ ತಿಂಗಳಿಗೆ ಹಾಲು ಬತ್ತಿ ಹೋತು. ನನಗ ಹಂಗಾಗಬಾರ್ದು. ಕೈಗೆ ಸಲೈನ್, ಕಾಲು ಜೋಮು, ದಿಂಬಿಲ್ಲದ ಮಲಗಿರ್ಬೇಕು ಅಂತಾರ, ಅದ್ರಾಗ ಕುಡಿಸೋದರ ಹೆಂಗ್ರಿ? ಅನುಭವ ಇದ್ದವ್ರು ಹೇಳ್ರಿ.

ಗಂಗಾವತಿ ಎರಡು ಮಕ್ಕಳ ಅವ್ವ:
ತಂಗಿ, ನಂದು ಎರಡೂ ಸಿಜರಿನ್. ಮೊದಲ್ನೇದು ಥೇಟ್ ನಿಮ್ಮ ಅಕ್ಕನ ಕಥಿನ, ಅದನ್ನ ಬಿಡು. ಎರಡ್ನೇದಕ್ಕ ನಾನು ಒಂದ್ ಕೆಲಸ ಮಾಡಿದ್ಯಾ, ಒಳಗ ಹೋಗೋಕಿಂತ ಮೊದ್ಲ ಸಿಸ್ಟರ್‌ಗೆ ಹೇಳಿದ್ಯಾ, ಕೂಸು ಅತ್ತು ಚೆಂದಿದ್ರ ಒರೆಸಿ ನನ್ನ ಎದಿ ಮ್ಯಾಲ ಹಾಕ್ರಿ, ಸಲೈನ್ ಸೂಜಿ ಎಡಗೈಗೆ ಚುಚ್ಚರಿ ಅಂತ. ಥಿಯೇಟರ್‌ನಾಗ ಕೆನ್ನಿಗೆ ಕೆನ್ನಿ ಹಚ್ಚಿ ತೋರ್ಸಿ ಒಯ್ದ್ರು, ಹೊರಗ ವಾರ್ಡಿಗೆ ತಂದ ಮ್ಯಾಲ ನನಗ ಚಳಿ ಬಂದು ಹಲ್ಲು ಕಟಕಟ ಅನ್ನಾಕತ್ತಿದ್ವು, ಸ್ಪೈನಲ್ ಅಂದ್ರ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗ ಜೋಮು ಹಿಡಿಸೋದು ಆದ ಮ್ಯಾಲ ಹಂಗಾಗ್ತೈತಂತ, ಆದ್ರೂ ನಮ್ಮವ್ವ ಕೂಸಿನ್ನ ನನ್ನ ಎದಿ ಮ್ಯಾಲ ಅಡ್ಡ ಮಲಗಿಸಿ ಕುಂಡಿಗೆ ಕೈ ಕೊಟ್ಟು ಹಿಡ್ಕೊಂಡ್ಲು. ಅದು ಐದ್ ನಿಮಿಷ ಮೂಸಿ ಮೂಸಿ, ಬಾಯಿ ತಗದು, ತಾನ ಹುಡುಕಿ ಹಿಡೀತು ನೋಡು, ಯಾರೂ ಕಲಿಸಿದ್ದಲ್ಲ.

ಕಾಲಿಗೆ ಖಬರು ಬಂದ ಮ್ಯಾಲ ಮಗ್ಗಲಾಗಿ ಕುಡಿಸಿದ್ಯಾ. ಬೆನ್ನಿಗೆ ಒಂದ್ ಕೌದಿ ಸುತ್ತಿ ಒತ್ತು ಕೊಡಬೇಕು, ಮೊಣಕಾಲ ನಡುವ ಒಂದ್ ದಿಂಬು, ಹೊಲಿಗಿ ಮ್ಯಾಲ ಒಂದ್ ಮಡಚಿದ ಟವೆಲ್, ಯಾಕಂದ್ರ ಕೂಸು ಒದಿತೈತಿ. ಮರುದಿನ ಕುಂತಾಗ ತೊಡಿ ಮ್ಯಾಲ ಹಾಕ್ಕೋಬ್ಯಾಡ, ಹೊಲಿಗಿ ಮ್ಯಾಲ ಭಾರ ಬೀಳ್ತೈತಿ. ಬಗಲಾಗ ಕೊಡ ಹಿಡದಂಗ, ಕೂಸಿನ ಕಾಲು ನಿನ್ನ ಬೆನ್ನಿನ ಕಡೆ ಹೋಗಂಗ ಹಿಡ್ಕೋ, ಕೆಳಗ ದಿಂಬು. ಕುಡಿಯುವಾಗ ಹೊಟ್ಟಿ ಹಿಂಡಿದಂಗ ನೋಯ್ತೈತಿ, ಎರಡ್ನೇ ಹೆರಿಗಿಗೆ ಅದು ಇನ್ನೂ ಜಾಸ್ತಿ, ಗರ್ಭಚೀಲ ಕುಗ್ಗಾಕತ್ತೈತಿ ಅಂತ ಅರ್ಥ, ಹೆದರಬ್ಯಾಡ.

ರಾಯಚೂರು ಸಿಸ್ಟರ್:
ನಾ ಹೆರಿಗಿ ವಾರ್ಡಿನ್ಯಾಗ ಸ್ಟಾಫ್ ನರ್ಸ್ ಇದ್ದೀನಿ. ಮೊದಲ ಆ ಮೂರು ದಿನದ ಮಾತು ತೆಗಿತೀನ್ರಿ. ಹಾಲು ಇಳಿಲಿಕ್ಕೆ ಹೆರಿಗಿ ದಾರಿ ಮುಖ್ಯ ಅಲ್ಲ, ಮಾಸು ಹೊರಗ ಬರೋದು ಮುಖ್ಯ. ಮಾಸು ಬಂದ ಕೂಡ್ಲೆ ಮೈಯ್ಯಾಗಿನ ಹಾರ್ಮೋನ್ ಇಳಿದು ಹಾಲಿನ ಕೆಲಸ ಶುರು ಆಗ್ತದ, ಅದು ನಾರ್ಮಲ್ಲಿಗೂ ಅಷ್ಟ ಸಿಜರಿನ್ನಿಗೂ ಅಷ್ಟ. ತುಂಬಿ ಬರೋ ಹಾಲು ಸಿಜರಿನ್ ಆದವ್ರಿಗೆ ಒಂದೊಂದ್ಸಲ ಒಂದಿನ ತಡ ಆಗ್ತದ, ಅತ್ತಿಯವ್ರು ನೋಡಿದ್ದು ಅದನ್ನ ಇರಬೇಕು. ಆದ್ರ ಅದಕ್ಕಿಂತ ಮೊದಲ ಹಳದಿ ಗಿಣ್ಣದ ಹಾಲು ಇದ್ದ ಇರ್ತದಲ್ಲ. ಮೊದಲ್ನೇ ದಿನ ಕೂಸಿನ ಹೊಟ್ಟಿ ಹಿಡಿಯೋದು ಒಂದು ಸಲಕ್ಕೆ ಚಹಾ ಚಮಚದಷ್ಟು, 5ರಿಂದ 7 ಎಂಎಲ್. ಹಿಂಡಿದ್ರ ನಾಲ್ಕ್ ಹನಿ ಬಂತು ಅಂತ ಅಳ್ತಾರ, ಕೂಸಿಗೆ ಬೇಕಾಗಿದ್ದ ಅಷ್ಟು.

ಸ್ಪೈನಲ್ ಕೊಟ್ರ ನೀವು ಎಚ್ಚರ ಇರ್ತೀರಿ, ತಾಸಿನೊಳಗ ಎದಿಗೆ ಹಾಕಬೇಕು ಅನ್ನೋದ ನಿಯಮ. ಪೂರ್ತಿ ಮಂಪರು ಕೊಟ್ಟಿದ್ರ ಎಚ್ಚರಾಗಿ ಮಾತಾಡ್ಲಿಕ್ಕೆ ಬಂದ ಕೂಡ್ಲೆ ಶುರು ಮಾಡಬಹುದು. ದಿಂಬಿಲ್ಲದ ಅಂಗಾತ ಮಲಗಿದ್ರೂ ಕೂಸಿನ್ನ ಎದಿ ಮ್ಯಾಲ ಅಡ್ಡ ಹಾಕಬಹುದು, ಒಬ್ರು ಎಚ್ಚರ ಇದ್ದವ್ರು ಪಕ್ಕದಾಗ ಇದ್ದು ಮೂಗು ಮುಚ್ಚದಂಗ ನೋಡ್ಕೋಬೇಕು, ಅಷ್ಟ. ನೋವಿಗೆ ಕೊಡೋ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಹಾಲಿಗೆ ತೊಂದ್ರಿ ಮಾಡಂಗಿಲ್ಲ. ನೋವು ನುಂಗಿ ಕೂಡಬ್ಯಾಡ್ರಿ, ನೋವಿದ್ರ ಹಾಲು ಇಳಿಯೋದು ತಡೀತದ.

ಜೇನುತುಪ್ಪ ಬ್ಯಾಗಿನಿಂದ ತೆಗೀರಿ ಈಗ. ಒಂದು ವರ್ಷದೊಳಗ ಜೇನು ನೆಕ್ಕಿಸಬಾರ್ದು, ಅದ್ರಾಗ ಒಂದು ಥರದ ಕೀಟಾಣು ಇರಬಹುದು, ಕೂಸಿನ ನರ ಸೋಲಸ್ತದ. ಸಕ್ರಿ ನೀರೂ ಬ್ಯಾಡ. ನಮ್ಮ ಕಡೆ ಬ್ಯಾಸಿಗಿಗೆ ಗಂಟಲು ಒಣಗ್ತದ ಅಂತ ನೀರು ಹಾಕ್ತಾರ, ಆರು ತಿಂಗಳತನ ಅದೂ ಬೇಕಾಗಿಲ್ಲ, ನೀರು ನೀವು ಕುಡೀರಿ.

ದಿನಕ್ಕ 8ರಿಂದ 12 ಸಲ ಕುಡಿಸ್ರಿ. ಬರೀ ತೊಟ್ಟು ಅಲ್ಲ, ಸುತ್ತಿನ ಕಪ್ಪು ಭಾಗನೂ ಬಾಯಿಗೆ ಹೋಗಬೇಕು, ಇಲ್ಲಾಂದ್ರ ತೊಟ್ಟು ಸೀಳ್ತದ. ಹಾಲು ಸಾಲ್ತದೋ ಇಲ್ಲೋ ಅನ್ನೋದಕ್ಕ ಉಚ್ಚಿ ಎಣಿಸ್ರಿ, ಮೊದಲ್ನೇ ದಿನ ಒಂದು, ಎರಡ್ನೇ ದಿನ ಎರಡು, ಹಿಂಗ ಏರಿ ಆರನೇ ದಿನಕ್ಕ ಆರು ಸಲರ ಆಗಬೇಕು. ಕೂಸು ಎಬ್ಬಿಸಿದ್ರೂ ಏಳವಲ್ದು, ಉಚ್ಚಿ ಇಲ್ಲ, ಮೈ ಸುಡ್ತದ, ಕಣ್ಣು ಹಳದಿ ಆಗ್ಯಾವ ಅಂದ್ರ ಮನಿ ಮದ್ದು ಮಾಡ್ಕೋತ ಕೂಡಬ್ಯಾಡ್ರಿ, ದವಾಖಾನಿಗೆ ಓಡ್ರಿ.

ಸಿರುಗುಪ್ಪ ಅಪ್ಪ:
ಗಂಡಸ್ರು ಬರೀಬಹುದಾ ಇಲ್ಲಿ 😀 ನಮ್ಮ ಮಗಳು ಎರಡು ಕೆಜಿ ಒಳಗೆ ಹುಟ್ಟಿದ್ಲು, ಐದು ದಿನ ಐಸಿಯುನಲ್ಲಿ ಇಟ್ಟಿದ್ರು, ನಮ್ಮನೆಯವ್ರು ಬೇರೆ ವಾರ್ಡಲ್ಲಿ. ಎರಡು ಮೂರು ತಾಸಿಗೊಂದ್ಸಲ ಕೈಲಿ ಹಿಂಡಿ ತೊಳ್ದು ಕುದಿಸಿದ ಸಣ್ಣ ಸ್ಟೀಲ್ ಬಟ್ಲಿಗೆ ಹಾಕಿ ಕೊಡೋರು, ನಾನು ಅದನ್ನ ಮುಚ್ಚಿಕೊಂಡು ಮೆಟ್ಲು ಹತ್ತೋದು ಇಳಿಯೋದು. ಮೊದ್ಲ ಸಲ ಬಟ್ಲ ತಳ ಒದ್ದೆ ಆಗೋಷ್ಟೂ ಇರ್ಲಿಲ್ಲ, ನಂಗೆ ನಾಚ್ಕೆ ಆಯ್ತು ಇದನ್ನೇನು ಕೊಡೋದು ಅಂತ, ಅಲ್ಲಿನ ಸಿಸ್ಟರ್ ಬೈದು ಇಸ್ಕೊಂಡು ಒಳಲೆಯಲ್ಲಿ ತೆಗೆದು ಬಾಯಿಗೆ ಹಚ್ಚಿದ್ರು. ಒಂದು ಹನಿ ಚೆಲ್ಲಲಿಲ್ಲ. ನಿಮ್ಮ ಯಜಮಾನ್ರಿಗೆ ಹೇಳಿ, ರಾತ್ರಿ ಕೂಸು ಎತ್ತಿ ಕೊಡೋದು, ಬಟ್ಟೆ ಬದ್ಲಿಸೋದು, ನೋಡಾಕೆ ಬಂದ ಜನ ಹೊರಗೆ ಕಳಿಸೋದು, ಈ ಮೂರೂ ಅವ್ರ ಪಾಲು.

ಸಿಂಧನೂರಿನಾಕಿ:
ಎಲ್ಲಾರೂ ಹೇಳಿದ್ದು ಖರೆ, ಒಂದ್ ಮಾತು ನಂದೂ ಇರ್ಲಿ. ನನಗ ಶುಗರ್ ಇತ್ತು, ಕೂಸಿನ ಶುಗರ್ ಇಳಿದು ಡಾಕ್ಟ್ರೇ ಎರಡು ಸಲ ಪೌಡರ್ ಹಾಲು ಹಾಕಿಸಿದ್ರು. ನಾ ಪಾಪ ಮಾಡಿದಂಗ ಅತ್ತೆ. ಒಳಲೆಯಿಂದ ಹಾಕಿದ್ರು, ಬಾಟ್ಲಿ ಮುಟ್ಟಿಸ್ಲಿಲ್ಲ, ಮೂರನೇ ದಿನದಿಂದ ಪೂರಾ ನನ್ನ ಹಾಲ. ಡಾಕ್ಟ್ರು ಹೇಳಿ ಕೊಟ್ರ ತಪ್ಪಿಲ್ಲ, ಮನ್ಯಾಗಿನವ್ರ ಅಂಜಿಕಿಗೆ ಕೊಡೋದು ಬ್ಯಾರೆ.

ಕೊಪ್ಪಳದಾಕಿ:
ಥ್ಯಾಂಕ್ಸ್ ರೀ ಎಲ್ಲಾರಿಗೂ, ಸಿಸ್ಟರ್ ಬರದಿದ್ದು ಸ್ಕ್ರೀನ್‌ಶಾಟ್ ತಗದೀನಿ. ಆದ್ರ ನಮ್ಮ ಅತ್ತಿಗೆ ಹೆಂಗ್ ಹೇಳ್ಲಿ? ಮೊಬೈಲ್ ತೋರ್ಸಿದ್ರ ಮುಖ ತಿರುವ್ತಾರ.

ಗಂಗಾವತಿ ಎರಡು ಮಕ್ಕಳ ಅವ್ವ:
ನಿಮ್ಮನ್ಯಾಗ ದನಾ ಅದಾವೇನು? ಎಮ್ಮಿ ಈದ ದಿನ ಕರುವಿಗೆ ಸಕ್ರಿ ನೀರು ಹಾಕ್ತೀರೋ ಗಿಣ್ಣ ಕುಡಿಸ್ತೀರೋ ಅಂತ ಕೇಳು. ನಮ್ಮ ಅತ್ತಿ ಬಾಯಿ ಮುಚ್ಚಿದ್ದು ಅಲ್ಲೇ.

ಕೊಪ್ಪಳದಾಕಿ:
ಹನ್ನೆರಡು ದಿನ ಆದ ಮ್ಯಾಲ ಬರಿಯಾಕತ್ತೀನಿ. ಗಂಡು ಕೂಸು, 2 ಕೆಜಿ 900. ಒಂದ್ ತಾಸಿನೊಳಗ ಅಂತ ಆಗ್ಲಿಲ್ಲ, ಎರಡು ತಾಸು ಹಿಡೀತು, ವಾರ್ಡಿನ್ಯಾಗ ಗದ್ದಲ ಇತ್ತು. ಮೊದಲ್ನೇ ರಾತ್ರಿ ಹೊಲಿಗಿ ನೋವಿಗೆ ಒಂದ್ ಸಲ ಸಾಕಪ್ಪಾ ಪೌಡರ್ ತರ್ರಿ ಅಂದಿದ್ದು ಖರೆ. ಆವಾಗ ಕೂಸಿನ್ನ ಎತ್ತಿ ನನ್ನ ಮಗ್ಗಲಿಗೆ ಹಚ್ಚಿದಾಕಿ ನಮ್ಮ ಅತ್ತಿನ, ಎಮ್ಮಿ ಮಾತು ನಾಟಿತ್ತು ಕಾಣ್ತೈತಿ. ನಾಲ್ಕನೇ ದಿನ ಹಾಲು ತುಂಬಿ ಎದಿ ಕಲ್ಲಾದ್ವು, ಜ್ವರ ಬಂದಂಗಾತು, ಮ್ಯಾಲಿಂದ ಮ್ಯಾಲ ಕುಡಿಸಿ ಸ್ವಲ್ಪ ಹಿಂಡಿದ ಮ್ಯಾಲ ಇಳೀತು. ತೂಕ 2 ಕೆಜಿ 700ಕ್ಕ ಬಂದಿದ್ದು ನಿನ್ನೆ 2 ಕೆಜಿ 940 ತೂಗ್ಯಾನ. ಎಡಗಡಿ ಇನ್ನೂ ಸರಿಯಾಗಿ ಹಿಡಿಯವಲ್ಲ, ಬಗಲಾಗ ಕೊಡ ಹಿಡದಂಗ ಹಿಡದ್ರ ಅಷ್ಟ ಕುಡೀತಾನ. ಜೇನುತುಪ್ಪ ನಮ್ಮವ್ರು ಚಪಾತಿಗೆ ಹಚ್ಕೊಂಡು ಖಾಲಿ ಮಾಡ್ಯಾರ.