ಎಂಎಸ್‌ಟಿ 3ಕೆ ಥರ ಕನ್ನಡದಲ್ಲಿ ಕಾಲೆಳೆಯೋ ಷೋ: ಕುರ್ಚಿ ನೆರಳು, ಮೈಕು, ಜೋಕಿನ ಟೈಮಿಂಗು

ಹಳೇರೀಲು, ಮೈಸೂರು

ಮಿಸ್ಟರಿ ಸೈನ್ಸ್ ಥಿಯೇಟರ್ 3000 (ಎಂಎಸ್‌ಟಿ 3ಕೆ) ಅರೆದು ಕುಡಿದವರಿಗೆ ಈ ಪ್ರಶ್ನೆ. ಗೊತ್ತಿಲ್ಲದವರಿಗೆ: ಒಬ್ಬ ಮನುಷ್ಯ, ಎರಡು ರೋಬೋ ಗೊಂಬೆ ಪರದೆ ಮುಂದೆ ನೆರಳಾಗಿ ಕೂತು ಡಬ್ಬಾ ಸಿನಿಮಾದ ಕಾಲೆಳೆಯೋ ಅಮೆರಿಕದ ಟಿವಿ ಷೋ ಅದು. ಸರಸ್ವತಿಪುರಂನ ಒಂದು ಮಹಡಿ ಹಾಲಲ್ಲಿ 30 ಜನಕ್ಕೆ ಒಂದು ಹಳೇ ಡಬ್ಬಾ ಸಿನಿಮಾ ಹಾಕಿ, ಮೂವರು ಮುಂದೆ ಕೂತು ಕನ್ನಡದಲ್ಲಿ ಕಾಲೆಳೆಯೋ ಪ್ಲಾನು. ಪರದೆ 10 ಅಡಿ ಅಗಲ, ಪ್ರೊಜೆಕ್ಟರ್ 15 ಅಡಿ ದೂರ. ಟ್ರಯಲ್‌ನಲ್ಲಿ ತಲೆಗಳ ನೆರಳು ಅರ್ಧ ಪರದೆ ನುಂಗ್ತು, ಸಿನಿಮಾದ ಮಾತೂ ನಮ್ಮ ಮಾತೂ ಕಲಸುಮೇಲೋಗರ, ಜೋಕು ಮುಗಿಯೋಷ್ಟರಲ್ಲಿ ಸೀನೇ ಹೋಗಿತ್ತು. ಆಮೇಲೆ ಯೂಟ್ಯೂಬ್‌ಗೂ ಹಾಕೋ ಆಸೆ ಇದೆ. ಎಲ್ಲಿ ಎಡವಿದ್ದೀವಿ?

ನೆರಳುಗೊಂಬೆ

ನೆರಳಿನ ಕಥೆ ಸುಲಭ ಸರ್. ತೊಗಲುಗೊಂಬೆ ಆಡಿಸೋರಿಗೆ ಬಾಯಿಪಾಠ ಇದು: ಗೊಂಬೆ ಪರದೆಗೆ ಒರಗಿದಷ್ಟೂ ನೆರಳು ಚೂಪು, ದೂರ ಸರಿದಷ್ಟೂ ದೊಡ್ಡದು, ಮಬ್ಬು. ನಿಮ್ಮ 15 ಅಡಿಯಲ್ಲಿ ಸರಿಯಾಗಿ ನಡುವೆ ಕೂತರೆ ತಲೆ ಎರಡರಷ್ಟಾಗುತ್ತೆ. ಪರದೆಯಿಂದ 2 ಅಡಿಯಲ್ಲಿದ್ದರೆ 15 ಭಾಗ 13, ಅಂದ್ರೆ ಶೇ. 15 ಮಾತ್ರ ಹೆಚ್ಚು.

ಆದರೆ ಅಲ್ಲಿ ಮನುಷ್ಯರನ್ನ ಕೂರಿಸೋದೇ ಬೇಡ. 5 ಎಂಎಂ ಫೋಮ್ ಬೋರ್ಡಲ್ಲಿ ಕುರ್ಚಿ ಸಾಲನ್ನೂ ಮೂರು ತಲೆಗಳನ್ನೂ ಕತ್ತರಿಸಿ ಪರದೆ ಮುಂದೆ ನಿಲ್ಲಿಸಿ. ಮಾತಾಡೋರು ಪಕ್ಕದಲ್ಲಿ, ಕೈಯಲ್ಲಿ ಸ್ಕ್ರಿಪ್ಟ್ ಹಿಡಿದು ಕೂರಲಿ. 10 ಅಡಿ ಅಗಲಕ್ಕೆ ಚಿತ್ರದ ಎತ್ತರ ಸುಮಾರು 67 ಇಂಚು. ಕುರ್ಚಿ 9 ಇಂಚು, ತಲೆ ಸೇರಿ 16 ಇಂಚು ದಾಟಬಾರದು. ಮೂಲ ಷೋದಲ್ಲೂ ತಲೆಗಳು ಬಲಗಡೆ ಕೆಳಮೂಲೆಯಲ್ಲೇ ಇರ್ತವೆ, ಹೀರೋ ಮುಖಕ್ಕೆ ಅಡ್ಡ ಬರಲ್ಲ.

ಬೋರ್ಡಿಗೆ ಸ್ಪ್ರೇ ಪೇಂಟ್ ಹೊಡೆಯಬೇಡಿ. ಕತ್ತರಿಸಿದ ಅಂಚಲ್ಲಿ ಒಳಗಿನ ಫೋಮು ಕರಗಿ ತಲೆಗೆ ಇಲಿ ಕಡಿದಂಗಾಗುತ್ತೆ. ಥರ್ಮೋಕೋಲಾದರೆ ಇನ್ನೂ ಅಧ್ವಾನ. ಕಪ್ಪು ಚಾರ್ಟ್ ಪೇಪರನ್ನ ಡಬಲ್ ಸೈಡ್ ಟೇಪಲ್ಲಿ ಅಂಟಿಸಿ. ಫೆವಿಕಾಲ್ ಬಳಿದರೆ ನೀರು ಕುಡಿದು ಬೋರ್ಡ್ ಬಾಗುತ್ತೆ.

ಸಕ್ಕರೆನಾಡು ಸೌಂಡು, ಮಂಡ್ಯ

ಜೋಕಿನ ವಿಷಯ ನಾನು ಹೇಳ್ತೀನಿ, ಅಸಲಿ ಕಾಯಿಲೆ ಅಲ್ಲೇ ಇರೋದು. 1988ರಲ್ಲಿ ಮಿನಿಯಾಪೊಲಿಸ್‌ನ ಕೆಟಿಎಂಎ ಚಾನೆಲ್‌ನಲ್ಲಿ ಜೋಯಲ್ ಹಾಡ್ಗ್‌ಸನ್ ಈ ಷೋ ಶುರು ಮಾಡಿದಾಗ ಬಹುಪಾಲು ಬಾಯಿಗೆ ಬಂದಿದ್ದೇ ಜೋಕು. ಆ ಕಂತುಗಳಲ್ಲಿ ಮೌನವೇ ಜಾಸ್ತಿ. ಮರುವರ್ಷ ಕೇಬಲ್‌ಗೆ ಹೋದಮೇಲೆ ಬರೆದುಕೊಂಡು ಮಾಡಿದರು, ಷೋ ಎದ್ದಿದ್ದೇ ಆಗ. ನೀವೂ ಬರೀರಿ.

ಮೊದಲ ಸಲ ಸಿನಿಮಾ ಪೂರ್ತಿ ನೋಡಿ, ಪಾತ್ರಗಳು ಬಾಯಿ ಮುಚ್ಚಿರೋ ಜಾಗಗಳ ಟೈಮ್ ಮಾತ್ರ ಗುರುತು ಹಾಕಿ: 00:14:22ರಿಂದ 00:14:25, ಹೀಗೆ. ಎರಡು ಸೆಕೆಂಡಿಗಿಂತ ಚಿಕ್ಕ ಸಂದು ಬಿಟ್ಟುಬಿಡಿ. ಆಮೇಲೆ ಸಂದಿನ ಅಳತೆಗೆ ಜೋಕು ಹೊಲೀಬೇಕು, ಜೋಕಿನ ಅಳತೆಗೆ ಸಂದು ಸಿಗಲ್ಲ. ಸಿನಿಮಾದ ಮಾತು ಕೇಳಿಸದೇ ಹೋದರೆ ಮುಂದಿನ ಹತ್ತು ಜೋಕಿಗೆ ಬುಡವೇ ಇರಲ್ಲ.

ಕನ್ನಡದಲ್ಲಿ ಒಂದು ತೊಡಕಿದೆ. ಕ್ರಿಯಾಪದ ಕೊನೇಲಿ ಬರೋದ್ರಿಂದ ನಗು ತಡವಾಗಿ ಬೀಳುತ್ತೆ. "ಈ ರಾಕ್ಷಸ ಮೊನ್ನೆ ತಾನೇ ಟೈಲರ್ ಹತ್ರ ಹೋಗಿ ಚರ್ಮ ಹೊಲಿಸ್ಕೊಂಡು ಬಂದಂಗಿದಾನೆ" ಅನ್ನೋಷ್ಟರಲ್ಲಿ ರಾಕ್ಷಸ ಸತ್ತಿರ್ತಾನೆ. "ಜಿಪ್ಪು ಹಾಕ್ಕೊಳೋ!" ಸಾಕು. ರಾಕ್ಷಸನ್ನ ಪರದೆಯೇ ತೋರಿಸ್ತಿದೆ, ನೀವ್ಯಾಕೆ ಮತ್ತೆ ಹೆಸರು ಹೇಳ್ಬೇಕು?

ಮೂರು ದನಿ ಬೇರೆಬೇರೆ ಇರಲಿ. ಒಬ್ಬ ಮೈಸೂರು ಮರ್ಯಾದಸ್ಥ, ಒಬ್ಬ "ಯಾಕ್ಲಾ ಓಡ್ತೀಯ, ಬಸ್ಸು ಇನ್ನೂ ಬಂದಿಲ್ಲ ಕಣ್ಲಾ" ಅನ್ನೋನು. ನಗು ಬರಬೇಕಾದ್ದು ಆ ಮಾತಿನ ಏಟಿಗೆ. ನಮ್ಮ ಮಂಡ್ಯ ಭಾಷೆಯನ್ನೇ ಜೋಕು ಮಾಡಿದ್ರೆ ಮಾತ್ರ ಸರಿ ಇರಲ್ಲ, ಈಗ್ಲೇ ಹೇಳಿದ್ದೀನಿ.

ತಂತಿಪೆಟ್ಟಿಗೆ

ಯೂಟ್ಯೂಬ್ ವಿಡಿಯೊಗೆ: ಬಿಳಿ ಗೋಡೆಗೆ ಮಾತ್ರ ಎರಡು ಟ್ಯೂಬ್‌ಲೈಟ್, ನೀವು ಗೋಡೆಯಿಂದ 4 ಅಡಿ ಮುಂದೆ ಕತ್ತಲಲ್ಲಿ, ಕಪ್ಪು ಬಟ್ಟೆ. ಒಬಿಎಸ್‌ನಲ್ಲಿ (ವಿಡಿಯೊ ರೆಕಾರ್ಡ್ ಮಾಡೋ ಉಚಿತ ಸಾಫ್ಟ್‌ವೇರ್) ಮೊದಲು ಕಲರ್ ಕರೆಕ್ಷನ್ ಹಾಕಿ ಕಾಂಟ್ರಾಸ್ಟ್ ಏರಿಸಿ, ಅದರ ಕೆಳಗೆ ಲೂಮಾ ಕೀ, ಅಂದ್ರೆ ಹೊಳಪು ನೋಡಿ ಚಿತ್ರದ ಭಾಗ ಮಾಯ ಮಾಡೋ ಫಿಲ್ಟರ್. ಲೂಮಾ ಮ್ಯಾಕ್ಸ್ ಇಳಿಸ್ತಾ ಬಂದರೆ ಗೋಡೆ ಮಾಯ, ನೆರಳು ಉಳಿಯುತ್ತೆ. ಕನ್ನಡಕ ತೆಗೀರಿ, ಇಲ್ಲಾಂದ್ರೆ ಗಾಜಿನ ಹೊಳಪಿಗೆ ಮುಖದಲ್ಲಿ ತೂತು ಬೀಳುತ್ತೆ.

ಧ್ವನಿಗೆ ಸಿನಿಮಾ ಆಡಿಯೊ ಮೇಲೆ ಕಂಪ್ರೆಸರ್ (ಸದ್ದು ತಗ್ಗಿಸೋ ಫಿಲ್ಟರ್) ಹಾಕಿ, ಸೈಡ್‌ಚೈನ್‌ನಲ್ಲಿ ನಿಮ್ಮ ಮೈಕ್ ಆರಿಸಿ. ನೀವು ಬಾಯಿ ತೆಗೆದಾಗ ಸಿನಿಮಾ ತಾನೇ ತಗ್ಗುತ್ತೆ. ರಿಲೀಸ್, ಅಂದ್ರೆ ತಗ್ಗಿದ ಸದ್ದು ಮತ್ತೆ ಏಳೋಕೆ ಹಿಡಿಯೋ ಸಮಯ, ಅದರಲ್ಲಿ 60 ಮಿಲಿಸೆಕೆಂಡ್ ಇರುತ್ತೆ, 400ಕ್ಕೆ ಏರಿಸಿ, ಇಲ್ಲದಿದ್ರೆ ಪದ ಪದಕ್ಕೂ ಸದ್ದು ಉಸಿರಾಡುತ್ತೆ.

ಪೂರ್ತಿ ಸಿನಿಮಾ ಯೂಟ್ಯೂಬ್‌ಗೆ ಹಾಕೋ ಮುಂಚೆ ಲೆಕ್ಕ ನೋಡಿ. ನಮ್ಮ ಸಿನಿಮಾಗಳಿಗೆ ಕಾಪಿರೈಟ್ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ, ಅಂದ್ರೆ 1964ರದ್ದು 2024ರ ಕೊನೆಗೆ ಮುಗೀತು. ಹಾಡಿನ ಸಾಹಿತ್ಯ, ಸಂಗೀತದ್ದು ಬೇರೆ: ಬರೆದವರು ತೀರಿಕೊಂಡ ಮೇಲೆ 60. ಅದಕ್ಕೇ ಹಾಡು ಬಂದಾಗ ಕತ್ತರಿ ಹಾಕೋದು ಒಳ್ಳೇದು. ಇನ್ನೊಂದು ದಾರಿ, ಅದೇ ಷೋದ ಮೈಕ್ ನೆಲ್ಸನ್ 2006ರಲ್ಲಿ ರಿಫ್‌ಟ್ರಾಕ್ಸ್‌ನಲ್ಲಿ ಮಾಡಿದ್ದು: ಬರೀ ಮಾತಿನ ಆಡಿಯೊ ಕೊಡೋದು, ಸಿನಿಮಾ ನೋಡೋರೇ ಹಾಕಿಕೊಳ್ಳೋದು. ಅದರಲ್ಲಿ ಬಲೆ ಒಂದೇ. ನಮ್ಮ ಕಡೆಯ ಪಾಲ್ (ಇಲ್ಲಿನ ಟಿವಿ ಪದ್ಧತಿ) ಡಿವಿಡಿ ಸೆಕೆಂಡಿಗೆ 25 ಫ್ರೇಮ್ ಓಡುತ್ತೆ, ಮೂಲ 24. 90 ನಿಮಿಷದ ಸಿನಿಮಾ 86 ನಿಮಿಷ 24 ಸೆಕೆಂಡಿಗೇ ಮುಗಿಯುತ್ತೆ. ಯಾವ ಪ್ರತಿಗೆ ಮಾಡಿದ್ದು ಅಂತ ಒಟ್ಟು ಅವಧಿ ಸಮೇತ ಬರೆದು ಹಾಕಿ.

ಹಳೇರೀಲು, ಮೈಸೂರು

ಎಲ್ರಿಗೂ ಥ್ಯಾಂಕ್ಸ್. ಷೋದ ರೋಬೋ ಗೊಂಬೆ ಟಾಮ್ ಸರ್ವೋ ತಲೆಗೆ ಅಂಗಡಿ ಪೆಪ್ಪರ್‌ಮೆಂಟ್ ಭರಣಿ ಇಟ್ಟಿದ್ದೀವಿ, ನೆರಳಲ್ಲಿ ತಲೆಯೇ ಕಾಣ್ತಿಲ್ಲ.

ನೆರಳುಗೊಂಬೆ

ಪಾರದರ್ಶಕ ಅಲ್ವಾ ಸರ್, ಬೆಳಕು ಆಚೆಗೆ ದಾಟಿಬಿಡುತ್ತೆ. ಭರಣಿ ಒಳಗೆ ಕಪ್ಪು ಚಾರ್ಟು ಸುರುಳಿ ಸುತ್ತಿ ಇಳಿಸಿ. ಇನ್ನೊಂದು ರೋಬೋ ಕ್ರೋಗೆ ಪಿಂಗ್‌ಪಾಂಗ್ ಚೆಂಡಿನ ಕಣ್ಣು ನೆರಳಲ್ಲಿ ಬರೋದೇ ಇಲ್ಲ, ಕೊಕ್ಕಿನ ಅಂಚು, ತಲೆ ಮೇಲಿನ ಜಾಳಿಗೆ ಎರಡು ಸರಿಯಿದ್ರೆ ಸಾಕು. ಕೊಕ್ಕಿನ ಕೆಳದವಡೆಗೆ ಒಂದು ಸೈಕಲ್ ಕಡ್ಡಿ ಕಟ್ಟಿ, ಕೆಳಗಿಂದ ಎಳೆದಾಡಿಸಬಹುದು.