ಹೊಸ ಸ್ಪೋರ್ಟ್ಸ್ ಕಾರ್ ಆರ್ಡರ್: ಕೇಳಿದ ಸೀಟು, ಕಾರ್ಬನ್ ಟ್ರಿಮ್ ಸಪ್ಲೈ ಇಲ್ಲ ಅಂತಾರೆ. ಕಾಯೋದಾ, ಬಿಟ್ಟು ತಗೊಳ್ಳೋದಾ?

ವಿಜಯನಗರ_4ನೇಹಂತ (ಮೈಸೂರು)

ಎಲ್ಲರಿಗೂ ನಮಸ್ಕಾರ. ಎರಡು ಬಾಗಿಲಿನ ಪೆಟ್ರೋಲ್ ಸ್ಪೋರ್ಟ್ಸ್ ಕಾರ್ ಬುಕ್ ಆಗಿದೆ. ಜರ್ಮನಿಯಿಂದ ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ಗಾಡಿ. ಡೀಲರ್ ಬೆಂಗಳೂರಿನವರು, ರಿಜಿಸ್ಟ್ರೇಷನ್ ಮೈಸೂರಿನಲ್ಲೇ.

ಒಳಗಡೆಗೆ ಆರಿಸಿದ್ದು ಇಷ್ಟು: ವೆಂಟಿಲೇಷನ್, ಮೆಮೊರಿ ಇರುವ 18 ವೇ ಸೀಟು, ಡ್ಯಾಶ್‌ಬೋರ್ಡ್‌ಗೂ ಸೇರಿಸಿ ಕಪ್ಪು ಲೆದರ್, ಅದಕ್ಕೆ ಕೆಂಪು ಹೊಲಿಗೆ, ಕಾರ್ಬನ್ ಟ್ರಿಮ್ (ಕಾರ್ಬನ್ ಫೈಬರಿನ ಅಲಂಕಾರದ ಪಟ್ಟಿ), ಕೆಂಪು ಸೀಟ್ ಬೆಲ್ಟ್. ಈಗ ಡೀಲರ್ ಹೇಳುತ್ತಿರುವುದು, ಈ ಸ್ಲಾಟ್‌ಗೆ (ಫ್ಯಾಕ್ಟರಿಯಲ್ಲಿ ನನ್ನ ಗಾಡಿ ತಯಾರಾಗುವ ಸರದಿಗೆ) 18 ವೇ ಸೀಟೂ ಇಲ್ಲ, ಕಾರ್ಬನ್ನೂ ಇಲ್ಲ. ಸ್ಟ್ಯಾಂಡರ್ಡ್ 4 ವೇ ಸೀಟಿಗೆ ಒಪ್ಪಿದರೆ ಗಾಡಿ ಈಗಲೇ ಲೈನಿಗೆ ಹೋಗುತ್ತದೆ. ಇಲ್ಲದಿದ್ದರೆ ಮುಂದಿನ ಸ್ಲಾಟ್, ಅದಕ್ಕೂ ಗ್ಯಾರಂಟಿ ಕೊಡುತ್ತಿಲ್ಲ. "ಬಂದ ಮೇಲೆ ಇಲ್ಲೇ ಹಾಕಿಸಿಕೊಡ್ತೀವಿ ಸರ್" ಅನ್ನುವುದು ಬರೀ ಬಾಯಿಮಾತು.

ಯಾವುದನ್ನು ಆಮೇಲೆ ಹಾಕಿಸಬಹುದು, ಯಾವುದು ಆಗುವುದೇ ಇಲ್ಲ? ಆಪ್ಷನ್ ಬಿಟ್ಟರೆ ಬಿಲ್ಲಿನಲ್ಲಿ ಎಷ್ಟು ಇಳಿಯಬೇಕು? ಗೊತ್ತಿರುವವರು ವಿವರವಾಗಿ ಹೇಳಿ.

ಸೀಟ್‌ರೈಲು

ಮೊದಲು ಸೀಟಿನ ವಿಚಾರ ಮುಗಿಸೋಣ, ಮಿಕ್ಕಿದ್ದೆಲ್ಲ ಚಿಲ್ಲರೆ.

18 ವೇ ಅಂದರೆ 18 ಮೋಟಾರ್ ಅಲ್ಲ. ಒಂದೊಂದು ಹೊಂದಾಣಿಕೆಗೂ ಎರಡು ದಿಕ್ಕು ಲೆಕ್ಕ ಹಾಕುತ್ತಾರೆ: ಮುಂದೆ-ಹಿಂದೆ, ಮೇಲೆ-ಕೆಳಗೆ, ತೊಡೆಯ ಉದ್ದ, ಸೊಂಟದ ಆಧಾರ, ಪಕ್ಕದ ದಿಂಬು, ಹೀಗೆ 9 ಹೊಂದಾಣಿಕೆ. 4 ವೇ ಸೀಟಿನಲ್ಲಿ ಎತ್ತರ ಮತ್ತು ಬೆನ್ನೊರಗು ಮಾತ್ರ ಕರೆಂಟಿನಲ್ಲಿ ಓಡುತ್ತವೆ. ಮುಂದೆ-ಹಿಂದೆ ಸರಿಸುವುದು ಕೈಯಿಂದಲೇ. ಅದು ಕೆಟ್ಟ ಸೀಟಲ್ಲ. ಆದರೆ ಅದನ್ನು ತೆಗೆದು ಇದನ್ನು ಕೂರಿಸುವುದು ಸೋಫಾ ಬದಲಾಯಿಸಿದಂಥ ಕೆಲಸವೂ ಅಲ್ಲ.

ಏನೇನು ಬದಲಾಗಬೇಕು ನೋಡಿ. ಸೀಟಿನ ಅಡಿಯ ಮೆಮೊರಿ ಕಂಟ್ರೋಲ್ ಯೂನಿಟ್. ನೆಲದ ಕಾರ್ಪೆಟ್ ಕೆಳಗೆ ಹೋಗುವ ವೈರಿಂಗ್, ಏಕೆಂದರೆ ಆ ಆಪ್ಷನ್ ಇಲ್ಲದ ಗಾಡಿಗೆ ಫ್ಯಾಕ್ಟರಿ ಅಷ್ಟೂ ತಂತಿ ಎಳೆದಿರುವುದಿಲ್ಲ. ವೆಂಟಿಲೇಷನ್‌ಗೆ ಸೀಟಿನೊಳಗಿನ ಫ್ಯಾನ್, ಗಾಳಿ ಹಾಯುವ ಫೋಮ್, ತೂತು ಹೊಡೆದ ಲೆದರ್, ಮುಂದಿನ ಕನ್ಸೋಲಿನಲ್ಲಿ ಅದರ ಬಟನ್. ಎಲ್ಲ ಮುಗಿದ ಮೇಲೆ ಕಂಪನಿಯ ಟೆಸ್ಟರ್ ಹಾಕಿ ಕೋಡಿಂಗ್, ಅಂದರೆ ಹೊಸ ಸೀಟನ್ನು ಗಾಡಿಯ ಕಂಪ್ಯೂಟರಿಗೆ ಪರಿಚಯಿಸುವುದು. ಕೋಡಿಂಗ್ ಆಗದೆ ಹೋದರೆ ಸೀಟು ಅಲ್ಲಾಡಬಹುದು, ಆದರೆ ಮೆಮೊರಿ ಉಳಿಯುವುದಿಲ್ಲ, ಏರ್‌ಬ್ಯಾಗ್ ದೀಪ ಆರುವುದಿಲ್ಲ.

ಇನ್ನೊಂದು ಬಹಳ ಜನರ ಗಮನಕ್ಕೆ ಬರುವುದೇ ಇಲ್ಲ. ಇಂಥ ಕಾರುಗಳಲ್ಲಿ ಮೆಮೊರಿ ಪ್ಯಾಕೇಜ್ ಜೊತೆಗೆ ಕರೆಂಟಿನಲ್ಲಿ ಹೊಂದುವ ಸ್ಟೀರಿಂಗ್ ಕಾಲಂ, ಕನ್ನಡಿಯ ಮೆಮೊರಿ ಕೂಡ ಬರುತ್ತವೆ. ಸೀಟು ಬಿಟ್ಟರೆ ಅವೂ ಹೋದವು. ನಾಳೆ ಸೀಟು ತಂದು ಕೂರಿಸಿದರೂ ಕಾಲಂ ಕೈಯಿಂದ ಎಳೆಯುವುದೇ ಇರುತ್ತದೆ.

ಹಾಗಾಗಿ ಸೀಟಿನ ವಿಷಯದಲ್ಲಿ ನನ್ನ ಮಾತು ಒಂದೇ: ಬೇಕು ಅಂದರೆ ಕಾಯಿರಿ. ಡ್ಯಾಶ್‌ಬೋರ್ಡ್ ಲೆದರ್ ಸಿಗುತ್ತಿದೆಯಲ್ಲ, ಅದನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ. ಅದು ಫ್ಯಾಕ್ಟರಿಯಲ್ಲಿ ಬಿಟ್ಟರೆ ಬಿಟ್ಟ ಹಾಗೆಯೇ.

ಕಾರ್ಬನ್ ಟ್ರಿಮ್ ಬೇರೆ ಮಾತು. ಡ್ಯಾಶ್‌ನ ಪಟ್ಟಿ, ಬಾಗಿಲಿನ ಪಟ್ಟಿ ಹೆಚ್ಚಾಗಿ ಕ್ಲಿಪ್ಪಿನಲ್ಲೋ ಸಣ್ಣ ಸ್ಕ್ರೂನಲ್ಲೋ ಕೂತಿರುತ್ತವೆ. ಬಿಡಿಭಾಗವಾಗಿ ತರಿಸಿ ಅರ್ಧ ದಿನದಲ್ಲಿ ಹಾಕಬಹುದು. ಹಳೆಯ ಕ್ಲಿಪ್ಪನ್ನೇ ಮತ್ತೆ ಒತ್ತಬಾರದು, ಆಮೇಲೆ ಕಿರಿಕಿರಿ ಸದ್ದು ಶುರುವಾಗುತ್ತದೆ. ಹೊಸ ಕ್ಲಿಪ್ ಸೆಟ್ ಜೊತೆಗೇ ಆರ್ಡರ್ ಮಾಡಿಸಿ. ಪೆಡಲ್ ಕವರ್, ಬಾಗಿಲ ಹೊಸ್ತಿಲಿನ ಪಟ್ಟಿ, ಫ್ಲೋರ್ ಮ್ಯಾಟ್ ಇವಕ್ಕೆ ಸ್ಲಾಟ್ ಕಳೆದುಕೊಳ್ಳುವ ಅಗತ್ಯವೇ ಇಲ್ಲ.

ಸಕ್ಕರೆನಾಡು_11 (ಮಂಡ್ಯ)

ಅಣ್ಣ, ದುಡ್ಡಿನ ಲೆಕ್ಕ ನಾನು ಹೇಳ್ತೀನಿ. ಇಲ್ಲೇ ಜನ ಮೋಸ ಹೋಗೋದು.

ಒಂದು ಆಪ್ಷನ್ನಿನ ಬೆಲೆ ನಮ್ಮ ಬಂದರಿಗೆ ಬಂದಾಗ 1,00,000 ರೂಪಾಯಿ ಅಂದುಕೊಳ್ಳಿ. 40,000 ಡಾಲರ್ ಮೀರಿದ ಪೂರ್ತಿ ತಯಾರಾದ ಕಾರಿಗೆ 2025ರ ಬಜೆಟ್‌ನಿಂದ ಮೂಲ ಕಸ್ಟಮ್ಸ್ ಶೇ. 70, ಮೇಲೆ ಕೃಷಿ ಸೆಸ್ ಶೇ. 40. ಒಟ್ಟು ಶೇ. 110. ಕಾರಿಗೆ ಅಂಟಿಕೊಂಡು ಬರುವ ಆಪ್ಷನ್ನಿಗೂ ಇದೇ ದರ. ಆಗ 2,10,000. ಅದರ ಮೇಲೆ 22 ಸೆಪ್ಟೆಂಬರ್ 2025ರಿಂದ ಜಾರಿಯಾದ ಶೇ. 40 ಜಿಎಸ್‌ಟಿ, ಅಂದರೆ 84,000. ಆಯ್ತು 2,94,000. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಗಾಡಿಗೆ ಜೀವಾವಧಿ ತೆರಿಗೆ (ರೋಡ್ ಟ್ಯಾಕ್ಸ್) ಶೇ. 18, ಆ ತೆರಿಗೆಯ ಮೇಲೆ ಶೇ. 11 ಸೆಸ್, ಸೇರಿದರೆ ಶೇ. 19.98. ಇನ್ನೊಂದು 58,741. ಡೀಲರ್ ಮಾರ್ಜಿನ್, ಇನ್ಶೂರೆನ್ಸ್ ಬಿಟ್ಟೇ 3,52,741 ಆಯಿತು ನೋಡಿ.

ಹಾಗಾಗಿ ಆಪ್ಷನ್ ಬಿಟ್ಟಾಗ "ಅಷ್ಟು ಯೂರೋ ಕಡಿಮೆ ಮಾಡಿದ್ದೇವೆ" ಅಂದರೆ ತಲೆ ಆಡಿಸಬೇಡಿ. ಇಂಡಿಯಾ ಪ್ರೈಸ್ ಲಿಸ್ಟಿನಲ್ಲಿ ಆ ಆಪ್ಷನ್ನಿಗೆ ಎಷ್ಟು ಹಾಕಿದ್ದರೋ ಅಷ್ಟೂ ಎಕ್ಸ್ ಶೋರೂಂನಲ್ಲಿ ಇಳಿಯಬೇಕು. ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಶೇ. 1 ಟಿಸಿಎಸ್ (ಡೀಲರ್ ವಸೂಲು ಮಾಡಿ ನಿಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಕಟ್ಟೋ ಹಣ) ಎಲ್ಲ ಆ ಇಳಿದ ಮೊತ್ತದ ಮೇಲೆ ಹೊಸದಾಗಿ ಲೆಕ್ಕ ಆಗಬೇಕು. ಪರಿಷ್ಕೃತ ಪ್ರೊಫಾರ್ಮಾ ಇನ್‌ವಾಯ್ಸ್ ಕೇಳಿ ಇಸ್ಕೊಳ್ಳಿ. ಟಿಸಿಎಸ್ ಹೇಗೂ ನಿಮ್ಮ ರಿಟರ್ನ್ಸ್‌ನಲ್ಲಿ ವಾಪಸ್ ಜಮಾ ಆಗುತ್ತೆ, ಮಿಕ್ಕಿದ್ದು ಆಗಲ್ಲ.

ಇದರ ಇನ್ನೊಂದು ಮುಖವೂ ಇದೆ. ಕಾರ್ಬನ್ ಪಟ್ಟಿಯನ್ನು ಆಮೇಲೆ ಬಿಡಿಭಾಗವಾಗಿ ತರಿಸಿದರೆ ಕಾರಿನ ಶೇ. 110 ಅದಕ್ಕೆ ಬೀಳಲ್ಲ, ಜಿಎಸ್‌ಟಿ ಶೇ. 18, ರೋಡ್ ಟ್ಯಾಕ್ಸ್ ಇಲ್ಲ. ಬಿಡಿಭಾಗದ ಮೂಲ ಬೆಲೆ ಹೆಚ್ಚಿರುತ್ತೆ, ಕೂಲಿ ಸೇರುತ್ತೆ. ಆದರೂ ಎರಡೂ ದರ ಪಕ್ಕಪಕ್ಕ ಇಟ್ಟು ನೋಡದೆ ಫ್ಯಾಕ್ಟರಿಯಲ್ಲೇ ಬೇಕು ಅಂತ ಹಟ ಹಿಡಿಯಬೇಡಿ. ಆಮೇಲೆ ಹಾಕಿಸಿದ್ದನ್ನು ಪಾಲಿಸಿಗೆ ಸೇರಿಸೋದು ಮರೀಬೇಡಿ. ಕರೆಂಟಿನ ವಸ್ತುವಾದರೆ ಐಎಂಟಿ 24 (ಇಂಥ ವಸ್ತುಗಳಿಗೆ ಅಂತಲೇ ಪಾಲಿಸಿಗೆ ಸೇರಿಸೋ ಷರತ್ತು) ಅಡಿಯಲ್ಲಿ ಬರೆಸಬೇಕು.

ಹೊಲಿಗೆ_ಮಂಡಿಮೊಹಲ್ಲಾ

"ಇಲ್ಲೇ ಹಾಕಿಸಿಕೊಡ್ತೀವಿ" ಅನ್ನುವ ಮಾತಿಗೆ ಎರಡು ಅರ್ಥ ಇದೆ, ಯಾವುದು ಅಂತ ಕೇಳಿ. ಕಂಪನಿಯ ಹೊಸ ಸೀಟು ತರಿಸಿ ಹಾಕುವುದು ಒಂದು. ಈಗಿನ ಸೀಟಿನ ಬಟ್ಟೆ ಬಿಚ್ಚಿ ಹೊರಗೆ ಲೆದರ್ ಹೊಲಿಸುವುದು ಇನ್ನೊಂದು. ಎರಡನೆಯದಾದರೆ ಒಪ್ಪಬೇಡಿ.

ಕಾರಣ ಹೇಳುತ್ತೇನೆ. ಬೆನ್ನೊರಗಿನ ಹೊರಬದಿಯಲ್ಲಿ, ಬಾಗಿಲಿನ ಕಡೆಗೆ, ಏರ್‌ಬ್ಯಾಗ್ ಅಂತ ಬರೆದ ಸಣ್ಣ ಚೀಟಿ ಇರುತ್ತದೆ. ಅದರ ಪಕ್ಕದ ಹೊಲಿಗೆ ನೋಡಿ. ಉಳಿದ ಹೊಲಿಗೆಯಂತೆಯೇ ಕಾಣುತ್ತದೆ, ಆದರೆ ದಾರ ಬೇರೆ. ಹರಿಯಲೆಂದೇ ಬಲ ಕಡಿಮೆ ಇರುವ ದಾರ, ಹೊಲಿಗೆಯ ಅಂತರವೂ ಅಳೆದು ಹಾಕಿದ್ದು. ಪಕ್ಕದಿಂದ ಗುದ್ದಿದಾಗ ಸೆಕೆಂಡಿನ ನೂರನೇ ಒಂದೆರಡು ಭಾಗದಲ್ಲಿ ಬ್ಯಾಗ್ ಆ ಹೊಲಿಗೆ ಸೀಳಿಕೊಂಡೇ ಹೊರಬರಬೇಕು. ನಮ್ಮಲ್ಲಿ ಹೊಲಿಯುವವರು ಗಟ್ಟಿ ಇರಲಿ ಅಂತ ದಪ್ಪ ನೈಲಾನ್ ದಾರ ಹಾಕಿ ಎರಡು ಸಾಲು ಹೊಡೆಯುತ್ತಾರೆ. ಕೆಲಸ ಅಂದವಾಗಿರುತ್ತದೆ, ಬ್ಯಾಗ್ ಮಾತ್ರ ಒಳಗೇ ಸಿಕ್ಕಿಕೊಳ್ಳುತ್ತದೆ ಅಥವಾ ತಪ್ಪು ಕಡೆಯಿಂದ ಬರುತ್ತದೆ. ಮೇಲೆ ತೊಡಿಸುವ ರೆಡಿಮೇಡ್ ಸೀಟ್ ಕವರಿನದೂ ಇದೇ ಕಥೆ. ಪಕ್ಕದ ಸೀಟಿನಲ್ಲಿ ಜನ ಕೂತಿದ್ದಾರೋ ಇಲ್ಲವೋ ತಿಳಿಯುವ ಸೆನ್ಸರ್ ಹಾಳೆ ಬೇರೆ ಇರುತ್ತದೆ. ಅದರ ಮೇಲೆ ದಪ್ಪ ಫೋಮ್ ಹಾಕಿದರೆ ಲೆಕ್ಕ ತಪ್ಪುತ್ತದೆ.

ಕಂಪನಿ ಸೀಟೇ ಬಂದರೂ ಬಣ್ಣದ ತೊಂದರೆ ಇರುತ್ತದೆ. ಚರ್ಮ ಒಂದೊಂದು ಹದಕ್ಕೆ ಒಂದೊಂದು ಛಾಯೆ. ತಿಂಗಳುಗಟ್ಟಲೆ ಕಳೆದು ಬೇರೆ ಲಾಟಿನಲ್ಲಿ ಬಂದ ಸೀಟು ಬಾಗಿಲಿನ ಪ್ಯಾಡಿಗೆ ಹೊಂದದೆ ಇರಬಹುದು. ನಿಮ್ಮದು ಕಪ್ಪಾದ್ದರಿಂದ ಅಷ್ಟಾಗಿ ಕಾಣುವುದಿಲ್ಲ. ತಿಳಿ ಬಣ್ಣ, ಕಡುಗೆಂಪು ಆಗಿದ್ದರೆ ಬಿಸಿಲಿಗೆ ನಿಲ್ಲಿಸಿದ ಕೂಡಲೇ ಗೊತ್ತಾಗುತ್ತದೆ. ಕೆಂಪು ದಾರವೂ ಹಾಗೆಯೇ, ಹಳೆಯದು ಸ್ವಲ್ಪ ಮಾಸಿರುತ್ತದೆ, ಹೊಸದು ಹೊಳೆಯುತ್ತಿರುತ್ತದೆ.

ಸೀಟು ಬಿಚ್ಚುವ ಕೆಲಸ ಎಲ್ಲೇ ಆಗಲಿ: ಸಾಮಾನ್ಯವಾಗಿ ನಾಲ್ಕು ಬೋಲ್ಟ್. ಮೊದಲು ಬ್ಯಾಟರಿ ಕಳಚಿ, ಕಂಪನಿ ಹೇಳಿದಷ್ಟು ಹೊತ್ತು ಬಿಟ್ಟು, ಆಮೇಲೆ ಹಳದಿ ಬಣ್ಣದ ಕನೆಕ್ಟರ್ ಮುಟ್ಟಬೇಕು. ಸೀಟು ಹೊರಗಿರುವಾಗ ಯಾರೂ ಇಗ್ನಿಷನ್ ಆನ್ ಮಾಡಬಾರದು, ಮಾಡಿದರೆ ಫಾಲ್ಟ್ ದಾಖಲಾಗಿ ಏರ್‌ಬ್ಯಾಗ್ ದೀಪ ಉಳಿದುಬಿಡುತ್ತದೆ.

ವಿಜಯನಗರ_4ನೇಹಂತ

ತುಂಬಾ ಉಪಕಾರ ಆಯಿತು. ಸೀಟಿಗೆ ಕಾಯುವುದು ಸರಿ ಅನಿಸುತ್ತಿದೆ. ಆದರೆ ಎಷ್ಟು ದಿನ? ಇಡೀ ಕಾರ್ ಮಾಡುವವರಿಗೆ ಒಂದು ಸೀಟು ಸಿಗದೇ ಹೋಗುವುದು ಹೇಗೆ? ಸಬೂಬು ಹೇಳುತ್ತಿದ್ದಾರಾ?

ಸೀಟ್‌ರೈಲು

ಸಬೂಬೇ ಇರಬೇಕು ಅಂತಿಲ್ಲ. ಸೀಟನ್ನು ಕಾರ್ ಕಂಪನಿ ಬಹುಪಾಲು ಹೊರಗಿನ ತಯಾರಕರಿಂದ ತರಿಸುತ್ತದೆ. ಲೈನಿನಲ್ಲಿ ಯಾವ ಕಾರಿನ ಹಿಂದೆ ಯಾವುದು ಬರುತ್ತದೋ ಅದೇ ಸರತಿಯಲ್ಲಿ ಸೀಟೂ ಬಾಗಿಲಿಗೆ ಬರುತ್ತದೆ, ಗೋದಾಮಿನಲ್ಲಿ ರಾಶಿ ಇರುವುದಿಲ್ಲ. ಸೀಟಿನ ಕಂಟ್ರೋಲ್ ಯೂನಿಟ್ಟಿನಲ್ಲಿ ಕೆಲವೇ ರೂಪಾಯಿಯ ಡಯೋಡ್, ಟ್ರಾನ್ಸಿಸ್ಟರ್ ಇರುತ್ತವೆ. ಅದೊಂದು ಇಲ್ಲದಿದ್ದರೆ ಇಡೀ ಸೀಟು ನಿಂತಿತು. 2021ರ ಮಾರ್ಚ್‌ನಲ್ಲಿ ಜಪಾನಿನ ನಾಕಾದಲ್ಲಿ ರೆನೆಸಾಸ್ ಚಿಪ್ ಘಟಕಕ್ಕೆ ಬೆಂಕಿ ಬಿದ್ದದ್ದು ಆಗಲೇ ಇದ್ದ ಕೊರತೆಯನ್ನು ಹೆಚ್ಚಿಸಿತು. ಅದೇ ವರ್ಷದ ಕೊನೆಗೆ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ ಹಲವು ಮಾಡೆಲ್‌ಗಳಿಂದ ಸೀಟ್ ಹೀಟಿಂಗ್, ವೆಂಟಿಲೇಷನ್ ಕೈಬಿಟ್ಟಿತು. ಬಿಎಂಡಬ್ಲ್ಯು ಕೆಲವು ಕಾರುಗಳನ್ನು ಪರದೆಯ ಟಚ್ ಸೌಲಭ್ಯ ಇಲ್ಲದೆ ಕಳಿಸಿ ಅಲ್ಲಿ 500 ಡಾಲರ್ ಕಡಿತ ಕೊಟ್ಟಿತು. 2022ರ ಮಾರ್ಚ್‌ನಲ್ಲಿ ಯುಕ್ರೇನಿನ ವೈರಿಂಗ್ ಘಟಕಗಳು ನಿಂತಾಗ ಪೋರ್ಷೆಯ ಲೈಪ್‌ಜಿಗ್ ಘಟಕವೇ ನಿಲ್ಲಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ನೆಕ್ಸ್‌ಪೀರಿಯಾ (ಚಿಪ್ ಮಾಡುವ ಡಚ್ ಕಂಪನಿ) ಗಲಾಟೆಯಲ್ಲಿ ಸಿಕ್ಕಿಬಿದ್ದದ್ದೂ ಇಂಥ ಅಗ್ಗದ ಚಿಪ್ಪುಗಳೇ.

ನೀವು ಡೀಲರ್ ಹತ್ತಿರ ಕೇಳಬೇಕಾದದ್ದು ಬೇರೆ. "ಇಲ್ಲ" ಅಂದರೆ ಯಾವ ಇಲ್ಲ? ತಿಂಗಳಿಗೆ ಇಷ್ಟೇ ಅಂತ ಕೋಟಾ ಇದ್ದರೆ ಕಾಯುವುದಕ್ಕೆ ಅರ್ಥ ಇದೆ, ಆ ಕೋಟಾದಲ್ಲಿ ನಿಮ್ಮ ಆರ್ಡರ್ ಎಷ್ಟನೆಯದು ಅಂತ ಕೇಳಿ. ಇಂಡಿಯಾಕ್ಕೆ ಆ ಆಪ್ಷನ್ ಈಗ ಮುಚ್ಚಿದ್ದರೆ ಅದು ತೆರೆಯುವವರೆಗೆ ಸ್ಲಾಟ್ ಬದಲಿಸಿ ಉಪಯೋಗವಿಲ್ಲ. ಮಾಡೆಲ್ ವರ್ಷ ಬದಲಾಗಿ ಆಪ್ಷನ್ನೇ ನಿಂತಿದ್ದರೆ ಎಷ್ಟು ಕಾದರೂ ಬರುವುದಿಲ್ಲ. ಜರ್ಮನ್ ಫ್ಯಾಕ್ಟರಿಗಳಲ್ಲಿ ಈ ಬದಲಾವಣೆ ಸಾಮಾನ್ಯವಾಗಿ ಬೇಸಿಗೆ ರಜೆಯ ಆಸುಪಾಸು ಆಗುತ್ತದೆ. ಆದ್ದರಿಂದ ಮುಂದಿನ ಸ್ಲಾಟ್ ಯಾವ ಮಾಡೆಲ್ ವರ್ಷಕ್ಕೆ ಬೀಳುತ್ತದೆ ಅನ್ನುವುದೂ ತಿಳಿದಿರಲಿ.

ಕೆಎ09_ಕುಕ್ಕರಹಳ್ಳಿ

ಬಾಯಿಮಾತನ್ನು ಇವತ್ತೇ ಇಮೇಲ್ ಮಾಡಿಸಿ ಸರ್. ಅದರಲ್ಲಿ ಇರಬೇಕಾದ್ದು: ಪ್ರತಿ ಆಪ್ಷನ್ನಿನ ಕೋಡ್ ಮತ್ತು ಇಂಡಿಯಾ ಬೆಲೆ, ಸ್ಪೆಕ್ ಲಾಕ್ ಆಗುವ (ಆಮೇಲೆ ಆಪ್ಷನ್ ಬದಲಿಸಲಾಗದ) ದಿನಾಂಕ, ಲಾಕ್ ಆದ ಮೇಲೆ ಫ್ಯಾಕ್ಟರಿ ಯಾವುದನ್ನಾದರೂ ಕೈಬಿಟ್ಟರೆ ನಿಮ್ಮ ಸಹಿ ಇಲ್ಲದೆ ಬದಲಿ ಹಾಕುವಂತಿಲ್ಲ, ಒಪ್ಪಿಗೆಯಾಗದಿದ್ದರೆ ಬುಕಿಂಗ್ ಹಣ ಪೂರ್ತಿ ವಾಪಸ್, ಎಷ್ಟು ದಿನದೊಳಗೆ. ಬೆಲೆ ಬುಕಿಂಗ್ ದಿನದ್ದೋ ಇನ್‌ವಾಯ್ಸ್ ದಿನದ್ದೋ ಅನ್ನುವುದನ್ನೂ ಬರೆಸಿ. ಕಾದಷ್ಟೂ ಯೂರೋ ಏರಿದರೆ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ಜಗಳ ಬಂದರೆ ಗ್ರಾಹಕ ಆಯೋಗ. ಯಾವ ಮಟ್ಟದ್ದು ಅನ್ನುವುದು ನೀವು ಕೊಟ್ಟ ಮೊತ್ತದ ಮೇಲೆ ಹೋಗುತ್ತದೆ: 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ, ಅದರ ಮೇಲೆ ರಾಷ್ಟ್ರೀಯ. 2019ರ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಕಡೆಯೇ ದೂರು ಕೊಡಬಹುದು. ಬುಕಿಂಗ್ ಹಣ ಮಾತ್ರ ಕೊಟ್ಟಿರುವಾಗ ಮೈಸೂರಿನಲ್ಲೇ ಆಗುತ್ತದೆ, ಪೂರ್ತಿ ಹಣ ಕಟ್ಟಿದ ಮೇಲೆ ದೂರ ಹೋಗಬೇಕಾಗುತ್ತದೆ.

ಗಾಡಿ ಬಂದಾಗ ಬೆಂಗಳೂರಿನ ಯಾರ್ಡಿನಲ್ಲೇ, ರಿಜಿಸ್ಟ್ರೇಷನ್‌ಗೆ ಮೊದಲು, ಬಾಕಿ ಹಣಕ್ಕೂ ಮೊದಲು ನೋಡಿ. ಚಾಸಿ ನಂಬರಿನ ಮೇಲೆ ಫ್ಯಾಕ್ಟರಿಯ ಆಪ್ಷನ್ ಪಟ್ಟಿ ಪ್ರಿಂಟ್ ತೆಗೆಸಿ ಒಂದೊಂದೇ ಟಿಕ್ ಹಾಕಿ. ಸೀಟಿನ ಎಲ್ಲ ಗುಂಡಿ ಎರಡೂ ದಿಕ್ಕಿಗೆ ಒತ್ತಿ, ಮೆಮೊರಿ 1 ಮತ್ತು 2 ಬೇರೆ ಬೇರೆ ಸೆಟ್ ಮಾಡಿ, ಗಾಡಿ ಲಾಕ್ ಮಾಡಿ ತೆಗೆದು ಮತ್ತೆ ಒತ್ತಿ. ವೆಂಟಿಲೇಷನ್ ಹಾಕಿ ತೂತುಗಳ ಮೇಲೆ ತೆಳ್ಳನೆಯ ಟಿಶ್ಯೂ ಇಟ್ಟರೆ ಗಾಳಿ ಓಡುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಕೆಎ 09 ಫಲಕ ಬಿದ್ದ ಮೇಲೆ ಇದೆಲ್ಲ ವಾದ ಮಾಡಿ ಗೆಲ್ಲುವುದು ಕಷ್ಟ.

ವಿಜಯನಗರ_4ನೇಹಂತ

ಇಮೇಲ್ ಕಳಿಸಿದೆ. ಸೀಟಿಗೆ ಕಾಯುತ್ತೇನೆ, ಕಾರ್ಬನ್ ಆರ್ಡರಿನಿಂದ ತೆಗೆಸಿ ಆಮೇಲೆ ಬಿಡಿಯಾಗಿ ತರಿಸುತ್ತೇನೆ. ಕೆಂಪು ಬೆಲ್ಟಿನದೇನು? ಅದೂ ತಪ್ಪಿದರೆ ಆಮೇಲೆ ಆಗುತ್ತದೆಯೇ?

ಹೊಲಿಗೆ_ಮಂಡಿಮೊಹಲ್ಲಾ

ಕಂಪನಿಯ ಪೂರ್ತಿ ಬೆಲ್ಟ್ ಜೋಡಣೆಯಾಗಿ ಬಂದರೆ, ಅಧಿಕೃತ ಸರ್ವೀಸ್‌ನವರು ಹಾಕಿದರೆ ಆಗುತ್ತದೆ. ಸುರುಳಿಯ ಒಳಗೆ ಬೆಲ್ಟ್ ಬಿಗಿಯುವ ಸಿಡಿಮದ್ದಿನ ಟೆನ್ಷನರ್ ಇರುತ್ತದೆ. ಪಟ್ಟಿ ಮಾತ್ರ ಬಿಚ್ಚಿ ಬಣ್ಣದ್ದು ಹೊಲಿದು ಕೊಡುತ್ತೇವೆ ಅನ್ನುವವರ ಕೈಗೆ ಕೊಡಬೇಡಿ.