ಸಹಾಯ ಬೇಕು: ‘ದಿ ಡಿಕ್ಟೇಟರ್’ ಮನೆಮಂದಿಯೆಲ್ಲ ಕೂತು ನೋಡಬಹುದಾ?

ಎಲ್ಲರಿಗೂ ನಮಸ್ಕಾರ. ಭಾನುವಾರ ಮನೆಯಲ್ಲಿ ಒಟ್ಟಿಗೆ ಸಿನಿಮಾ ನೋಡೋಣ ಅಂತಿದ್ದೇವೆ. ಮಗ ಒಂಬತ್ತನೇ ಕ್ಲಾಸು. ರೀಲ್ಸ್‌ನಲ್ಲಿ ತುಣುಕು ನೋಡಿ, ಹಾಸ್ಯನಟ ಸಾಷಾ ಬ್ಯಾರನ್ ಕೋಹೆನ್‌ನ ‘ದಿ ಡಿಕ್ಟೇಟರ್’ (2012) ಬೇಕೇ ಬೇಕು ಅಂತ ಹಠ ಹಿಡಿದಿದ್ದಾನೆ. ರಾಜಕೀಯ ವಿಡಂಬನೆ ಅಂದ್ರೆ ನಮ್ಮ ಮಾವನವರಿಗೂ ಪ್ರಾಣ.

ನಾನೂ ಒಂದೆರಡು ತುಣುಕು ನೋಡಿದೆ. ಹೆಲಿಕಾಪ್ಟರ್‌ನಲ್ಲಿ ಇಬ್ಬರು ಪೋರ್ಷೆ 911 ಕಾರಿನ ಬಗ್ಗೆ ಅವರ ಭಾಷೆಯಲ್ಲಿ ಹರಟುತ್ತಾರೆ, ಎದುರಿಗೆ ಕೂತ ಅಮೆರಿಕನ್ ಪ್ರವಾಸಿಗಳು ‘911’ ಕೇಳಿ 9/11 ದಾಳಿಯಂಥ ಬಾಂಬ್ ಸಂಚು ಅಂದುಕೊಂಡು ಬೆವರುತ್ತಾರೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕೊನೆಯಲ್ಲಿ ಸರ್ವಾಧಿಕಾರವನ್ನು ಹೊಗಳುತ್ತಾ ಅಮೆರಿಕಕ್ಕೇ ಚುಚ್ಚುವ ಭಾಷಣವಂತೂ ಮಗ ಕೇಳಲೇಬೇಕಾದ್ದು.

ಆದರೆ ಅಂಗಡಿಯಲ್ಲಿ ಹೆರಿಗೆ ಮಾಡಿಸುವ ದೃಶ್ಯ ಬಂದರೆ ಮಾವನವರ ಪಕ್ಕ ಹೇಗಪ್ಪಾ ಕೂರೋದು? ಅಮೆರಿಕದಲ್ಲಿ ಈ ಸಿನಿಮಾಕ್ಕೆ ‘ಆರ್’ ರೇಟಿಂಗ್ (17 ತುಂಬದವರು ದೊಡ್ಡವರ ಜೊತೆಗೇ ನೋಡಬೇಕು), ಬ್ರಿಟನ್ನಿನಲ್ಲಿ 15 (15 ತುಂಬದವರಿಗೆ ಇಲ್ಲ). ಬೈಗುಳ ಬಿಡಿ, ಅದಕ್ಕಿಂತ ಜಾಸ್ತಿ ಸ್ಕೂಲ್ ವ್ಯಾನಲ್ಲೇ ಕೇಳಿರುತ್ತಾನೆ. ನನಗೆ ಚಿಂತೆ ಇರೋದು ಸೊಂಟದ ಕೆಳಗಿನ ಜೋಕುಗಳದ್ದು, ಅತ್ಯಾಚಾರವನ್ನೂ ತಮಾಷೆ ಮಾಡುವುದರದ್ದು.

ಪೂರ್ತಿ ನೋಡಿದವರು ದಯವಿಟ್ಟು ಹೇಳಿ: ಯಾವ್ಯಾವ ದೃಶ್ಯ ಓಡಿಸಬೇಕು? ನಿಮಿಷ ಸಮೇತ ತಿಳಿಸಿದರೆ ಪುಣ್ಯ ಬರುತ್ತೆ. ಥಿಯೇಟರ್ ಪ್ರತಿ 83 ನಿಮಿಷದ್ದಂತೆ, ಡಿಸ್ಕಿನಲ್ಲಿ ಇನ್ನೂ ಉದ್ದದ್ದು ಬಂದಿದೆ. ಯಾವುದನ್ನು ನೋಡಿದ್ದೀರಿ ಅಂತಲೂ ಬರೆಯಿರಿ. ಓಡಿಸಿ ಓಡಿಸಿ ಕಥೆಯೇ ಉಳಿಯಲ್ಲ ಅನ್ನೋದಾದರೆ ಅದನ್ನೂ ಹೇಳಿಬಿಡಿ.

ಚಾಪ್ಲಿನ್‌ನ ‘ದಿ ಗ್ರೇಟ್ ಡಿಕ್ಟೇಟರ್’ (1940) ಹಾಕಿ ಅನ್ನಬೇಡಿ. ಕಪ್ಪು-ಬಿಳುಪು ಅಂದ ತಕ್ಷಣ ಮಗ ಎದ್ದು ಹೋಗ್ತಾನೆ. ಇದೇ ಧಾಟಿಯ, ಸ್ವಲ್ಪ ಮರ್ಯಾದಸ್ಥ ಸಿನಿಮಾ ಬೇರೆ ಇದ್ದರೆ ತಿಳಿಸಿ. ಶನಿವಾರ ರಾತ್ರಿಯೊಳಗೆ ಉತ್ತರ ಸಿಕ್ಕರೆ ಒಳ್ಳೆಯದು.